ಗುಳ್ಳೆ ಬರ್ತಿಲ್ಲ, ಏನು ಮಾಡಲಿ? ಮನೆ ಬಿಯರ್ ಮತ್ತು ಏರ್‌ಲಾಕ್: ಬ್ರೂವರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಲೀಡ್ಸ್‌ನಿಂದ): ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮನೆಯಲ್ಲಿ ಬಿಯರ್ ಮಾಡುತ್ತಿದ್ದೇನೆ. 20 ಲೀಟರ್ ಪೇಲ್ ಏಲ್, ಪ್ಲಾಸ್ಟಿಕ್ ಬಕೆಟ್, ಮುಚ್ಚಳದ ಮೇಲೆ ಮೂರು ತುಂಡಿನ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಗಾಳಿ ತಡೆಯುವ, ನೀರು ತುಂಬಿದ ಪುಟ್ಟ ಸಾಧನ). ಶನಿವಾರ ಸಂಜೆ ಯೀಸ್ಟ್ ಹಾಕಿದೆ. ಇವತ್ತು ಸೋಮವಾರ ಸಂಜೆ, ಏರ್‌ಲಾಕ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. ಯೀಸ್ಟ್ ಸತ್ತೇ ಹೋಗಿದೆಯಾ? ಇನ್ನೊಂದು ಪ್ಯಾಕೆಟ್ ಹಾಕಲಾ?

ಬ್ರೂವರ್: ಈಗಲೇ ಹಾಕಬೇಡಿ. ಮೊದಲು ಕೋಣೆಯ ದೀಪ ಆರಿಸಿ, ಬಕೆಟ್‌ನ ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ವರ್ಟ್ (ಇನ್ನೂ ಬಿಯರ್ ಆಗದ ಮಾಲ್ಟಿನ ಸಿಹಿ ರಸ) ಮೇಲೆ ನೊರೆಯ ಪದರ ಕಾಣಬೇಕು, ಅಥವಾ ನೊರೆ ಇಳಿದಿದ್ದರೆ ಬಕೆಟ್ ಗೋಡೆಗೆ ಅಂಟಿದ ಕಂದು ಉಂಗುರ. ಅದು ಇದೆ ಅಂದರೆ ಯೀಸ್ಟ್ ತನ್ನ ಕೆಲಸ ಮಾಡುತ್ತಿದೆ, ಗ್ಯಾಸ್ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತಿದೆ.

ಏರ್‌ಲಾಕ್ ನೀರನ್ನು ತಳ್ಳಿ ಹೊರಗೆ ಬರಲು ಗ್ಯಾಸ್‌ಗೆ ಸ್ವಲ್ಪ ಒತ್ತಡ ಬೇಕು. ಒಂದೆರಡು ಸೆಂಟಿಮೀಟರ್ ನೀರಿನ ಭಾರ, ಅಷ್ಟೇ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಅದಕ್ಕೆ ಆ ದಾರಿಯೇ ಸುಲಭ. ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಇದು ತುಂಬಾ ಮಾಮೂಲಿ.

ಹೀಗೆ ಪರೀಕ್ಷೆ ಮಾಡಿ. ಮುಚ್ಚಳದ ನಡುವೆ ಬೆರಳಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕ್ ಒಳಗಿನ ಪುಟ್ಟ ಟೋಪಿ ಮೇಲೇಳುತ್ತದೆ. ಬೆರಳು ತೆಗೆಯದೇ ಇದ್ದರೂ ಅದು ನಿಧಾನಕ್ಕೆ ಕೆಳಗಿಳಿಯಿತು ಅಂದರೆ ಎಲ್ಲೋ ಸೋರುತ್ತಿದೆ. ಅಂಚಿಗೂ, ಏರ್‌ಲಾಕ್ ಕೂರುವ ರಬ್ಬರ್ ಉಂಗುರಕ್ಕೂ ಸೋಪಿನ ನೀರು ಸವರಿ. ನೊರೆ ಉಬ್ಬಿದ ಜಾಗವೇ ತೂತು.

ಅಂದ ಹಾಗೆ, ಆ ಪುಟ್ಟ ಟೋಪಿಯನ್ನು ಹಾಕಿದ್ದೀರಿ ತಾನೇ? ಬಾಯಿ ಕೆಳಗೆ ಮಾಡಿ ನಡುವಿನ ಕೊಳವೆ ಮೇಲೆ ಕೂರಿಸಬೇಕು. ಅದಿಲ್ಲದಿದ್ದರೆ ನೀರು ತುಂಬಿದ್ದರೂ ಪ್ರಯೋಜನವಿಲ್ಲ, ಕೊಳವೆಯ ಬಾಯಿ ತೆರೆದೇ ಇರುತ್ತದೆ. ನೀರು ಗೆರೆಯವರೆಗೆ ಮಾತ್ರ. ಮೇಲಿನ ಮುಚ್ಚಳದ ಸಣ್ಣ ತೂತುಗಳು ತೆರೆದಿರಲಿ.

ನೊರೆಯೂ ಇಲ್ಲ, ಉಂಗುರವೂ ಇಲ್ಲ ಅಂದರೆ ಬಕೆಟ್‌ನ ಬಿಸಿ ನೋಡಿ. ರಾತ್ರಿ ಹೀಟಿಂಗ್ ಆರಿಸಿದರೆ ನಿಮ್ಮ ಕಡೆ ಮನೆ ತಣ್ಣಗಾಗುತ್ತದೆ ಅಲ್ವಾ? ಏಲ್ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಬೇಕು. ಮೂರು ದಿನ ಆದಮೇಲೂ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಯೀಸ್ಟ್ ಸಕ್ಕರೆ ತಿಂದಂತೆ ಅಂಕಿ ಇಳಿಯುತ್ತದೆ) ಅಂಕಿ ಇಳಿಯದಿದ್ದರೆ ಆಗ ಹೊಸ ಯೀಸ್ಟ್ ಹಾಕಿ.

ಪ್ರಶ್ನೆ (ಲೀಡ್ಸ್): ನೊರೆ ಇದೆ! ಅಂಚಿನಲ್ಲೇ ಸೋರುತ್ತಿತ್ತು. ಎರಡು ದಿನ ಹೀಗೇ ಇತ್ತಲ್ಲ, ಬಿಯರ್ ಹಾಳಾಗಿಲ್ವಾ?

ಬ್ರೂವರ್: ಇಲ್ಲ, ನಿಶ್ಚಿಂತೆಯಿಂದ ಇರಿ. ಹೈಡ್ರೋಮೀಟರ್‌ನಲ್ಲಿ 1.050ರಿಂದ 1.010ಕ್ಕೆ ಇಳಿಯುವ 20 ಲೀಟರ್ ಬಿಯರ್ ಒಟ್ಟು ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಜೋರಾಗಿ ಹೊರಗೆ ಹರಿಯುವಾಗ ಗಾಳಿ ಒಳಗೆ ಬರುವುದು ಕಷ್ಟ. ಬವೇರಿಯಾದ ಕೆಲವು ಗೋಧಿ ಬಿಯರ್ ಬ್ರೂವರಿಗಳು ಇವತ್ತಿಗೂ ತೆರೆದ ತೊಟ್ಟಿಯಲ್ಲೇ ಬಿಯರ್ ಹುದುಗಿಸುತ್ತವೆ.

ಅಪಾಯ ಇರುವುದು ಆಮೇಲೆ. ಹರಿವು ನಿಂತ ಮೇಲೆ ಅದೇ ಸಂದಿಯಿಂದ ಆಮ್ಲಜನಕ ಒಳಗೆ ನುಸುಳುತ್ತದೆ. ಆಗ ಬಿಯರ್‌ಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಪರಿಮಳ ಸಾಯುತ್ತದೆ. ಹಾಗಾಗಿ ನೊರೆ ಇಳಿಯುವ ಮೊದಲು ಮುಚ್ಚಳ ಸರಿಯಾಗಿ ಒತ್ತಿ ಕೂರಿಸಿ. ಕೂರದಿದ್ದರೆ ಸುತ್ತ ಅಗಲದ ಟೇಪ್ ಸುತ್ತಿ.

ಪ್ರಶ್ನೆ (ಆಸ್ಟಿನ್‌ನಿಂದ): ನನ್ನದು ಉಲ್ಟಾ. ಐದು ದಿನ ಚೆನ್ನಾಗಿ ಗುಳ್ಳೆ ಬಂದು ನಿನ್ನೆ ಪೂರ್ತಿ ನಿಂತಿತು. ಈ ವಾರಾಂತ್ಯ ಬಾಟಲಿಗೆ ತುಂಬಬಹುದಾ?

ಬ್ರೂವರ್: ದಯವಿಟ್ಟು ಏರ್‌ಲಾಕ್ ನೋಡಿ ಬಾಟಲಿ ತುಂಬಬೇಡಿ. ಈ ಒಂದು ವಿಷಯವನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರಿದ್ದೇನೆ, ಯಾಕೆಂದರೆ ಇದರಲ್ಲಿ ಕೈ, ಕಣ್ಣು ಹೋಗುವ ಅಪಾಯ ಇದೆ.

ಏರ್‌ಲಾಕ್‌ನ ಕೆಲಸ ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ತಡೆಯುವುದು. ಬಿಯರ್ ಎಷ್ಟು ಹುದುಗಿದೆ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ರಾತ್ರಿ ಕೋಣೆ ತಣ್ಣಗಾದರೆ ಗುಳ್ಳೆ ನಿಲ್ಲುತ್ತದೆ, ಯೀಸ್ಟ್ ಒಳಗೆ ಇನ್ನೂ ಸಕ್ಕರೆ ತಿನ್ನುತ್ತಲೇ ಇರಬಹುದು. ಹುದುಗುವಿಕೆ ಮುಗಿದ ಮೇಲೂ ಗುಳ್ಳೆ ಬರಬಹುದು. ಮಧ್ಯಾಹ್ನ ಕೋಣೆ ಬಿಸಿಯಾದರೆ, ಮಳೆಗೆ ಮುಂಚೆ ವಾತಾವರಣದ ಒತ್ತಡ ಇಳಿದರೆ, ಬಿಯರ್‌ನಲ್ಲಿ ಕರಗಿದ್ದ ಗ್ಯಾಸ್ ಸುಮ್ನೆ ಹೊರಗೆ ಬರುತ್ತದೆ.

ಹೈಡ್ರೋಮೀಟರ್ ಒಂದನ್ನೇ ನಂಬಿ. ಇವತ್ತು ಒಂದು ಅಂಕಿ ಬರೆದಿಡಿ, ಎರಡು ಮೂರು ದಿನ ಬಿಟ್ಟು ಇನ್ನೊಂದು. ಎರಡೂ ಒಂದೇ ಆಗಿರಬೇಕು, ಜೊತೆಗೆ ನಿಮ್ಮ ರೆಸಿಪಿ ಹೇಳುವ ಕೊನೆಯ ಅಂಕಿಗೆ ಹತ್ತಿರ ಇರಬೇಕು. ಅಳೆಯಲು ತೆಗೆದ ಬಿಯರನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ.

ಒಂದು ಲೆಕ್ಕ ಕೊಡುತ್ತೇನೆ. 1.014ರಿಂದ 1.010ಕ್ಕೆ ಇಳಿಯುವುದು ಬಾಕಿ ಇದೆ ಅನ್ನಿ. ಬಾಟಲಿಯೊಳಗೆ ಇಳಿಯುವ ಪ್ರತಿ ಪಾಯಿಂಟ್‌ಗೂ (ಅಂದರೆ 0.001ಕ್ಕೂ) ಒಂದು ಲೀಟರ್ ಬಿಯರ್‌ನಲ್ಲಿ ಸುಮಾರು ಅರ್ಧ ಲೀಟರ್ ಗ್ಯಾಸ್ ಹುಟ್ಟುತ್ತದೆ. ನಾಲ್ಕು ಪಾಯಿಂಟ್‌ಗೆ ಎರಡು ಲೀಟರ್. ಮಾಮೂಲಿ ಬಿಯರ್‌ನಲ್ಲಿ ಇರಬೇಕಾದದ್ದೇ ಎರಡೂವರೆ, ಅದಕ್ಕಂತಲೇ ನೀವು ಬೇರೆ ಸಕ್ಕರೆ ಹಾಕಿರುತ್ತೀರಿ. ಒಟ್ಟು ನಾಲ್ಕೂವರೆ. ಸಾಧಾರಣ ಬಿಯರ್ ಬಾಟಲಿ ಇದನ್ನು ತಡೆಯುತ್ತದೆ ಅಂತ ನಂಬಬೇಡಿ. ಒಡೆದರೆ ಗಾಜು ಸಿಡಿಯುತ್ತದೆ.

ಪ್ರಶ್ನೆ (ಮೆಲ್ಬರ್ನ್‌ನಿಂದ): ಅರ್ಜೆಂಟ್! ಗೋಧಿ ಬಿಯರ್, ಗಾಜಿನ ಕಾರ್ಬಾಯ್ (ಕಿರಿದಾದ ಬಾಯಿಯ ದೊಡ್ಡ ಬಾಟಲಿ). ನೊರೆ ಏರ್‌ಲಾಕ್‌ಗೆ ಹತ್ತಿದೆ, ಕಂದು ಮಡ್ಡಿ ಕಟ್ಟಿಕೊಂಡು ಗುಳ್ಳೆ ಪೂರ್ತಿ ನಿಂತಿದೆ.

ಬ್ರೂವರ್: ತಕ್ಷಣ ಒತ್ತಡ ಬಿಡಿ. ಕನ್ನಡಕ ಹಾಕಿಕೊಳ್ಳಿ, ಕಾರ್ಬಾಯ್ ಬಾಯಿಯ ಮೇಲೆ ದಪ್ಪ ಒದ್ದೆ ಟವೆಲ್ ಹೊದಿಸಿ, ಮುಖ ಪಕ್ಕಕ್ಕಿಟ್ಟು ರಬ್ಬರ್ ಬಿರಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಸಡಿಲಿಸಿ. ಬುಸ್ ಅಂತ ಸದ್ದು ಬಂದು ನಿಂತ ಮೇಲೆ ತೆಗೆಯಿರಿ.

ಈಗ ಏರ್‌ಲಾಕ್ ಬದಲು ದಪ್ಪ ಕೊಳವೆ ಹಾಕಿ. ಕಾರ್ಬಾಯ್ ಬಾಯಿಗೆ ಬಿಗಿಯಾಗಿ ಕೂರುವ, 25 ಮಿಲಿಮೀಟರ್ ಅಗಲದ್ದು ಸಿಕ್ಕರೆ ಒಳ್ಳೆಯದು. ಇನ್ನೊಂದು ತುದಿ ಸ್ಯಾನಿಟೈಸರ್ ಕಲಸಿದ ನೀರಿನ ಪಾತ್ರೆಯಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿದ್ದರೆ ಸಾಕು. ಪಾತ್ರೆ ಕಾರ್ಬಾಯ್‌ಗಿಂತ ಕೆಳಗೆ, ನೆಲದ ಮೇಲಿರಲಿ. ನೊರೆ ಇಳಿದ ಮೇಲೆ, ತೊಳೆದ ಏರ್‌ಲಾಕನ್ನು ಮತ್ತೆ ಹಾಕಬಹುದು. ಮುಂದಿನ ಸಲ ಗೋಧಿ ಬಿಯರ್‌ಗೆ ಪಾತ್ರೆಯ ಕಾಲು ಭಾಗ ಖಾಲಿ ಬಿಡಿ. ಆ ಯೀಸ್ಟ್‌ಗಳ ನೊರೆ ಜಾಸ್ತಿ.

ಪ್ರಶ್ನೆ (ಟೊರೊಂಟೊದಿಂದ): ಬಿಯರ್ ತಿಳಿಯಾಗಲಿ ಅಂತ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಏರ್‌ಲಾಕ್ ನೀರು ಖಾಲಿ! ಎಲ್ಲಿ ಹೋಯಿತು?

ಬ್ರೂವರ್: ಬಿಯರ್ ಒಳಗೆ. 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಿದಾಗ ಮೇಲಿನ ಗ್ಯಾಸ್ ಸುಮಾರು ನೂರಕ್ಕೆ ಆರರಷ್ಟು ಕುಗ್ಗುತ್ತದೆ. ತಣ್ಣಗಾದ ಬಿಯರ್ ಇನ್ನಷ್ಟು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಒಳಗೆ ಒತ್ತಡ ಕಡಿಮೆಯಾಗಿ ಏರ್‌ಲಾಕ್ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೇ ಏರ್‌ಲಾಕ್‌ಗೆ ನಲ್ಲಿ ನೀರು ಹಾಕಬೇಡಿ ಅನ್ನುವುದು. ಸ್ಟಾರ್ ಸ್ಯಾನ್ ತರಹದ, ತೊಳೆಯಬೇಕಿಲ್ಲದ ಸ್ಯಾನಿಟೈಸರ್ ಅಥವಾ ವೋಡ್ಕಾ ಹಾಕಿದ್ದರೆ ನಾಲ್ಕು ಹನಿ ಬಿದ್ದರೂ ಚಿಂತೆಯಿಲ್ಲ. ವೋಡ್ಕಾ ಬೇಗ ಆರುತ್ತದೆ, ಆಗಾಗ ನೋಡುತ್ತಿರಿ.

ಎಸ್ ಆಕಾರದ ಏರ್‌ಲಾಕ್‌ನಲ್ಲಿ, ಗೆರೆ ಮೀರಿ ತುಂಬಿಲ್ಲದಿದ್ದರೆ, ನೀರು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಬಿಯರ್‌ಗೆ ಬೀಳುವುದಿಲ್ಲ. ಆದರೆ ಗಾಳಿ ಗುಳ್ಳೆಯಾಗಿ ಒಳಗೆ ಹೋಗಿಯೇ ಹೋಗುತ್ತದೆ. ಪೂರ್ತಿ ತಡೆಯಬೇಕೆಂದರೆ, ಹುದುಗುವಾಗಲೇ ಬರುವ ಗ್ಯಾಸನ್ನು ಫಾಯಿಲ್ ಬಲೂನಿನಲ್ಲಿ ಹಿಡಿದಿಟ್ಟು, ತಣ್ಣಗೆ ಮಾಡುವಾಗ ಅದನ್ನೇ ಕೂರಿಸಬೇಕು. ನಾವು ಬ್ರೂವರಿಯಲ್ಲಿ ಟ್ಯಾಂಕ್ ತಣ್ಣಗೆ ಮಾಡುವಾಗ ಸಿಲಿಂಡರ್‌ನಿಂದ ಗ್ಯಾಸ್ ಬಿಡುತ್ತೇವೆ. ಇಲ್ಲದಿದ್ದರೆ ಸ್ಟೀಲ್ ಟ್ಯಾಂಕೇ ಒಳಕ್ಕೆ ಕುಸಿಯಬಹುದು.

ಪ್ರಶ್ನೆ (ಡಬ್ಲಿನ್‌ನಿಂದ): ನಮ್ಮಮ್ಮ ಇಡ್ಲಿ ಹಿಟ್ಟಿಗೆ ತಟ್ಟೆ ಮುಚ್ಚಿಡ್ತಾರೆ ಅಷ್ಟೇ. ಬಿಯರ್‌ಗೆ ಮಾತ್ರ ಯಾಕೆ ಇಷ್ಟೆಲ್ಲಾ?

ಬ್ರೂವರ್: ಒಳ್ಳೆ ಪ್ರಶ್ನೆ. ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದ್ದು, ನಮಗೆ ಆ ಹುಳಿ ಬೇಕು. ಒಂದು ರಾತ್ರಿ ಕಳೆದರೆ ಬೇಯಿಸಿಬಿಡುತ್ತೇವೆ. ಬಿಯರ್ ವಾರಗಟ್ಟಲೆ ಕೂರುತ್ತದೆ, ಬೇಯಿಸುವುದಿಲ್ಲ. ಹಣ್ಣಿನ ನೊಣ ಒಂದು ಒಳಗೆ ಹೋದರೂ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ತರಬಹುದು. ಅವಕ್ಕೆ ಗಾಳಿ ಬೇಕು. ಗಾಳಿ ತಡೆದರೆ ಅರ್ಧ ಕಾವಲು ಮುಗಿದಂತೆ.

ಪ್ರಶ್ನೆ (ಆಸ್ಟಿನ್): ಬಾತ್‌ರೂಮ್ ಪಕ್ಕದ ಪುಟ್ಟ ಕ್ಲಾಸೆಟ್‌ನಲ್ಲಿ ಇಟ್ಟರೆ ಪರವಾಗಿಲ್ವಾ?

ಬ್ರೂವರ್: ಒಂದು ಬಕೆಟ್ ಆದರೆ ಬಾಗಿಲು ಸ್ವಲ್ಪ ತೆರೆದಿಡಿ, ಸಾಕು. ನಾಲ್ಕೈದು ಬಕೆಟ್ ಒಟ್ಟಿಗೆ ಬೇಡ. ಚೆಸ್ಟ್ ಫ್ರೀಜರ್‌ನಲ್ಲಿ ಇಡುವವರು ಬಗ್ಗಿ ತಲೆ ಒಳಗೆ ಹಾಕಲೇಬೇಡಿ. ಬಿಯರ್‌ನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ಉಸಿರು ಕಟ್ಟಬಹುದು.

ಪ್ರಶ್ನೆ (ಬೆಂಗಳೂರಿನಿಂದ): ಇದೆಲ್ಲಾ ಓದಿ ನನಗೂ ಆಸೆಯಾಗ್ತಿದೆ. ಇಲ್ಲಿ ಮನೆಯಲ್ಲಿ ಮಾಡಬಹುದಾ?

ಬ್ರೂವರ್: ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಆದರೆ ನೋಡಲು ಅಡ್ಡಿಯಿಲ್ಲ. ನಿಮ್ಮೂರಲ್ಲಿ ಮೈಕ್ರೋಬ್ರೂವರಿಗಳಿಗೆ ಬರವಿಲ್ಲ. ಜನ ಕಡಿಮೆ ಇರುವ ಹೊತ್ತಲ್ಲಿ ಹೋಗಿ, ಟ್ಯಾಂಕ್ ತೋರಿಸುತ್ತೀರಾ ಅಂತ ಬ್ರೂವರನ್ನು ಕೇಳಿ. ಟ್ಯಾಂಕ್ ಪಕ್ಕದಲ್ಲಿ ಇಳಿದು ಬಂದ ಪೈಪಿನ ತುದಿ ನೀರಿನ ಬಕೆಟ್‌ನಲ್ಲಿ ಮುಳುಗಿರುವುದು ಕಾಣಬಹುದು. ಮೆಲ್ಬರ್ನ್‌ನವರಿಗೆ ಹೇಳಿದ ಕೊಳವೆಯೇ ಅದು, ದೊಡ್ಡದಾಗಿ. ಟ್ಯಾಂಕ್ ತಣ್ಣಗೆ ಮಾಡುವ ಮುಂಚೆ ಆ ವಾಲ್ವನ್ನು ಯಾವಾಗ ಮುಚ್ಚುತ್ತೀರಿ ಅಂತಲೂ ಕೇಳಿ ನೋಡಿ. ಖುಷಿಯಿಂದ ವಿವರಿಸುತ್ತಾರೆ.