ಕೋಲಾ, ನಿಂಬೆ ಶರಬತ್ತಿಗೆ ಪವರ್ ಚೈನ್ ಸಡಿಲವಾಗುತ್ತದೆಯೇ?

ಪಿಜಿ_ಆರ್ಥೋ:
ಕೋರೆಹಲ್ಲು ಹಿಂದಕ್ಕೆಳೆಯಲು ಪವರ್ ಚೈನ್ (ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟುಗಳಿಗೆ ಸಿಕ್ಕಿಸುವ ರಬ್ಬರಿನಂಥ ಕೊಂಡಿಸಾಲು) ಹಾಕಿರುವ ಪೇಷಂಟ್. ದಿನಕ್ಕೆರಡು ಸಲ ಕೋಲಾ, ಬೇಸಿಗೆಯಲ್ಲಿ ನಿಂಬೆ ಶರಬತ್ತು ಬೇರೆ. ನಾಲ್ಕು ವಾರಕ್ಕೆ ಚೈನ್ ಜೋತುಬಿದ್ದಿರುತ್ತದೆ. ಹುಳಿಯೇ ಕಾರಣವೇ? ಪೇಷಂಟ್ ತಾನೇ ತೆಗೆದು ಹಾಕಿಕೊಳ್ಳುವ ಲೇಟೆಕ್ಸ್ ಇಲಾಸ್ಟಿಕ್ಕಿಗೂ (ಪುಟ್ಟ ರಬ್ಬರ್ ಬಳೆ) ಇದೇ ಲೆಕ್ಕವೇ?

ತಂತಿ_ಇಕ್ಕಳ:
ಎಲ್ಲವನ್ನೂ ಕೋಲಾದ ತಲೆಗೆ ಕಟ್ಟಬೇಡಿ. ಚೈನ್ ಪಾಲಿಯುರೆಥೇನಿನದು. 37 ಡಿಗ್ರಿಯ ಬರೀ ನೀರಿನಲ್ಲಿ ಎಳೆದಿಟ್ಟರೂ ಮೊದಲ 24 ಗಂಟೆಯಲ್ಲೇ ಸುಮಾರು ಅರ್ಧ ಬಲ ಹೋಗಿರುತ್ತದೆ, ಅದರಲ್ಲೂ ಮೊದಲ ಗಂಟೆಯ ಇಳಿತವೇ ದೊಡ್ಡದು. ಎಳೆತಕ್ಕೆ ಪಾಲಿಮರ್ ಎಳೆಗಳು ಜಾರುತ್ತವೆ, ನೀರು ಹೀರಿ ವಸ್ತು ಮೆತ್ತಗಾಗುತ್ತದೆ. ಕೋಲಾದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 2.5ರ ಆಸುಪಾಸು, ಈ ಸವೆತವನ್ನು ಅದು ಇನ್ನಷ್ಟು ಚುರುಕು ಮಾಡಬಹುದು. ಆದರೆ ಗುಟುಕು ಬಾಯಲ್ಲಿರುವುದು ಕೆಲವೇ ಸೆಕೆಂಡು, ಹಿಂದೆಯೇ ಜೊಲ್ಲು ತೊಳೆಯುತ್ತದೆ. ದಿನಗಟ್ಟಲೆ ಕೋಲಾದಲ್ಲಿ ಅದ್ದಿಟ್ಟು ಅಳೆದ ಅಂಕಿಯನ್ನು ಬಾಯಿಗೆ ಹಾಗೇ ಹೊಂದಿಸಲಾಗದು.
ಲೇಟೆಕ್ಸನ್ನು ಹೇಗೂ ದಿನಾ ಬದಲಿಸಬೇಕು, ಹುಳಿಗೆ ಹೆದರುವ ಪ್ರಮೇಯವೇ ಇಲ್ಲ. ಪೊಟ್ಟಣದ ಮೇಲೆ ಔನ್ಸಿನಲ್ಲಿ ಬರೆದ ಬಲ, ಇಲಾಸ್ಟಿಕ್ಕನ್ನು ಅದರ ಒಳವ್ಯಾಸದ ಮೂರು ಪಟ್ಟು ಎಳೆದಾಗಿನದು. ಸಡಿಲವೆನಿಸಿತೆಂದು ಪೇಷಂಟ್ ತಾನೇ ಎರಡೆರಡು ಹಾಕಿಕೊಳ್ಳುವುದೇ ನಿಜವಾದ ತಲೆನೋವು.

ಗೇಜ್_ಎಲ್ಲಿ:
ಚೈನ್ ಹಾಕುವಾಗಿನ ಬಲವನ್ನು ಗೇಜಿನಲ್ಲಿ (ಬಲ ಅಳೆಯುವ ಸಾಧನ) ಅಳೆದು ಕೇಸ್ ಶೀಟಿನಲ್ಲಿ ಬರೆದಿದ್ದೀರಾ? ಅದಿಲ್ಲದೆ 'ಸಡಿಲ' ಅನ್ನುವ ಮಾತಿಗೆ ಅರ್ಥವಿಲ್ಲ. ಮೂಲ ಉದ್ದದ ಎರಡು ಪಟ್ಟು ಮೀರಿ ಎಳೆದಿದ್ದರೆ ಚೈನ್ ಮತ್ತೆ ಮೊದಲಿನ ಉದ್ದಕ್ಕೆ ಬಾರದು. ಹಲ್ಲು ಸರಿದು ಜಾಗ ಮುಚ್ಚಿದ್ದರೂ ಜೋತುಬೀಳುತ್ತದೆ. ಅದು ಒಳ್ಳೆಯ ಸುದ್ದಿ! ಕೊಂಡಿ ಹರಿದಿದೆಯೇ, ಬ್ರಾಕೆಟ್ಟಿನಿಂದ ಕಳಚಿದೆಯೇ ನೋಡಿ. ಅರಿಶಿನಕ್ಕೆ ಹಳದಿಯಾದದ್ದು ಬರೀ ಬಣ್ಣ, ಬಲಕ್ಕೆ ಸಂಬಂಧವಿಲ್ಲ. ಒಂದೇ ಸಮನಾದ ಬಲ ಬೇಕಿದ್ದರೆ ನೈಟೈ (ನಿಕಲ್-ಟೈಟಾನಿಯಂ ಮಿಶ್ರಲೋಹ) ಕ್ಲೋಸ್ಡ್ ಕಾಯಿಲ್ ಸ್ಪ್ರಿಂಗ್ ಹಾಕಿ.

ಬಿಳಿಚುಕ್ಕೆ:
ಚೈನ್ ಹೋದರೆ ಇನ್ನೊಂದು ಹಾಕಬಹುದು, ಹಲ್ಲಿನ ಹೊರಪದರ ಎನಾಮೆಲ್? ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ಚೈನಿನ ಅಡಿ ಕೊಳೆ ಕಟ್ಟಿ, ಸಕ್ಕರೆಯೂ ಸೇರಿದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಖಂಡಿತ. ಡಯಟ್ ಕೋಲಾದಲ್ಲಿ ಸಕ್ಕರೆ ಇಲ್ಲ, ಹುಳಿ ಇದ್ದೇ ಇದೆ. ಕುಡಿಯಲೇಬೇಕೆಂದರೆ ಊಟದ ಜೊತೆ, ಸ್ಟ್ರಾ ಹಾಕಿ, ಒಂದೇ ಸಲಕ್ಕೆ ಮುಗಿಸಲಿ; ಗಂಟೆಗಟ್ಟಲೆ ಚಪ್ಪರಿಸುವುದು ಬೇಡ. ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಲಿ. ಬದಲಿಗೆ ಸಕ್ಕರೆ ಹಾಕದ ಮಜ್ಜಿಗೆ ಹೇಳಿ: ಹುಳಿಯೇ ಆದರೂ ಕ್ಯಾಲ್ಸಿಯಂ, ಫಾಸ್ಫೇಟ್ ಇರುವುದರಿಂದ ಎನಾಮೆಲ್ಲಿಗೆ ಅಷ್ಟು ಕಂಟಕವಲ್ಲ.