ಶಿರಸಿಯ ಬೇಡರ ವೇಷ: ಊರನ್ನು ಕಾಡಿದವನ ವೇಷವನ್ನೇ ಏಕೆ ಕಟ್ಟುತ್ತಾರೆ?

ಪ್ರಶ್ನೆ (ಬಯಲುಸೀಮೆಯ ಓದುಗಳು)

2025ರ ಹೋಳಿಗೆ ಮುಂಚಿನ ರಾತ್ರಿಗಳಲ್ಲಿ ಶಿರಸಿಯಲ್ಲಿದ್ದೆ. ಬೆನ್ನಿಗೆ ನವಿಲುಗರಿಯ ದೊಡ್ಡ ಪ್ರಭಾವಳಿ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದು, ತಮಟೆಯ ಗತ್ತಿಗೆ ಕುಣಿಯುವ ಬೇಡನನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ಮಕ್ಕಳು ಮರಿಗಳೊಂದಿಗೆ ಬಂದು ನಡುರಾತ್ರಿ ಕಳೆದರೂ ಕದಲದೆ ನಿಂತಿದ್ದರು. ಶಿರಸಿ ಬಳಿಯ ಸೋದೆಯಿಂದ ಆಳುತ್ತಿದ್ದ ಅರಸರ ಕಾಲದಲ್ಲಿ ಊರಿನ ಕಾವಲಿಗೆಂದು ನೇಮಕವಾದ ಮಲ್ಲೇಶಿ ಎಂಬ ಬೇಡರ ಯುವಕ ಬರಬರುತ್ತ ತಾನು ಕಾಯಬೇಕಾದ ಜನರನ್ನೇ, ಅದರಲ್ಲೂ ಹೆಣ್ಣುಮಕ್ಕಳನ್ನು, ಪೀಡಿಸತೊಡಗಿದನೆಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿದರು. ಅಂಥವನ ವೇಷವನ್ನು ಊರು ಇಷ್ಟೊಂದು ಅಭಿಮಾನದಿಂದ ಏಕೆ ಕಟ್ಟುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಶಿರಸಿಯವ)

ಕಥೆಯ ಉತ್ತರಾರ್ಧವನ್ನೂ ಕೇಳಿದರೆ ತಮ್ಮ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ. ದಾಸಪ್ಪ ಶೆಟ್ಟಿ ಎಂಬುವರ ಮಗಳು ರುದ್ರಾಂಬಿಕೆ ಊರಿನ ಕಷ್ಟ ತೊಲಗಲೆಂದು ಅವನನ್ನು ಮದುವೆಯಾಗಿ, ಹೋಳಿಯ ದಿನ ಅವನು ಮೈಮರೆತು ಕುಣಿಯುತ್ತಿದ್ದಾಗ ಕಣ್ಣಿಗೆ ಸುಡುವ ದ್ರವ ಎರಚಿದಳೆಂದು ನಮ್ಮಲ್ಲಿ ಹೇಳುತ್ತಾರೆ. ಕಣ್ಣು ಕಳೆದುಕೊಂಡು ಅವಳನ್ನು ಕೊಲ್ಲಲು ನುಗ್ಗಿದವನನ್ನು ಊರವರು ಹಿಡಿದು ಸುಟ್ಟರು. ರುದ್ರಾಂಬಿಕೆಯೂ ಚಿತೆ ಏರಿದಳು. ಬೀದಿಯಲ್ಲಿ ಕುಣಿಯುವವನು ಆ ಕೊನೆಯ ಗಳಿಗೆಯ ಬೇಡ.

ಮುಂದಿನ ಸಲ ಬಂದಾಗ ವೇಷದ ಹಿಂಬದಿಯನ್ನು ಗಮನಿಸಿ. ಬೇಡನಿಗೆ ಕಟ್ಟಿದ ಹಗ್ಗದ ತುದಿಗಳನ್ನು ಇಬ್ಬರು ಕೈಗೆ ಸುತ್ತಿಕೊಂಡು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ಹಿಡಿದಿರುತ್ತಾರೆ. ತಮಟೆಯ ಬಡಿತ ಏರಿದಂತೆ ಅವನು ಕಣ್ಣರಳಿಸಿ, ಕತ್ತಿ ಬೀಸುತ್ತ ಜನರತ್ತ ನುಗ್ಗುತ್ತಾನೆ. ಮುಂದಿನ ಸಾಲಿನ ಮಕ್ಕಳು ಚೀರಿ ಹಿಂದೆ ಸರಿಯುವಷ್ಟರಲ್ಲಿ ಹಗ್ಗ ಬಿಗಿದು ಅರ್ಧ ಹೆಜ್ಜೆಗೇ ನಿಲ್ಲುತ್ತಾನೆ. ಹಗ್ಗ ಹಿಡಿದವರಿಗೆ ಕುಣಿತದ ಒಂದೊಂದು ಹೆಜ್ಜೆಯೂ ಗೊತ್ತಿರಬೇಕು, ಏಕೆಂದರೆ ತುಸು ಮೊದಲೇ ಎಳೆದರೆ ಕುಣಿಯುವವನು ಆಯ ತಪ್ಪುತ್ತಾನೆ, ತಡವಾದರೆ ಕತ್ತಿ ಜನರ ಸಮೀಪಕ್ಕೆ ಬರುತ್ತದೆ. ಕಾಯುವವನೇ ಕಾಡತೊಡಗಿದಾಗ ಅವನನ್ನು ತಡೆದು ನಿಲ್ಲಿಸಿದ್ದು ನಮ್ಮ ಊರು ಎಂಬ ಹೆಮ್ಮೆಯಿಂದಲೇ ನಾವು ಈ ವೇಷ ಕಟ್ಟುತ್ತೇವೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ (ಘಟ್ಟದ ಮೇಲಿನವ)

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆ ಇಲ್ಲದ ವರ್ಷದ ಹೋಳಿಗೆ ಬೇಡರ ವೇಷ. 2022 ಮತ್ತು 2024ರಲ್ಲಿ ಜಾತ್ರೆಯಾಯಿತು, 2023 ಮತ್ತು 2025ರಲ್ಲಿ ಬೇಡ ಬಂದ. ದೇವಿ ಜಾತ್ರೆ ನಡೆಯುವ ಬಿಡಕಿಬೈಲಿನ ಗದ್ದುಗೆಯಲ್ಲಿ ಕುಳಿತಾಗ ನಾಡಿನ ಮೂಲೆಮೂಲೆಯಿಂದ ಭಕ್ತರು ಬರುವುದರಿಂದ ಊರವರಿಗೆ ಬಂದವರನ್ನು ಸತ್ಕರಿಸುವುದರಲ್ಲೇ ದಿನ ಕಳೆಯುತ್ತದೆ. ಬೇಡರ ವೇಷವಾದರೋ ಆಯಾ ಕೇರಿಯ ಹುಡುಗರದೇ ಹಬ್ಬ. ಚಂದಾ ಎತ್ತುವುದು, ತಾಲೀಮು ನಡೆಸುವುದು, ಗರಿ ಕಟ್ಟುವುದು, ಗಂಟೆಗಟ್ಟಲೆ ಕುಳಿತು ಬಣ್ಣ ಹಚ್ಚುವುದು ಎಲ್ಲವೂ ಅವರ ಪಾಲಿನ ಕೆಲಸ. ಒಂದೇ ಕೇರಿಯಲ್ಲಿದ್ದರೂ ವರ್ಷವಿಡೀ ಮುಖ ಕಾಣದವರು ಆ ದಿನಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಾರೆ.

ಉತ್ತರ (ಶಾಲಾ ಶಿಕ್ಷಕಿ)

ಹಗ್ಗದ ಬಗ್ಗೆ ಬರೆದದ್ದನ್ನು ಮನಸಾರೆ ಒಪ್ಪುತ್ತೇನೆ. ಆದರೂ ನನ್ನ ಮನಸ್ಸಿನಲ್ಲಿ ಒಂದು ಕೊರಗಿದೆ. ಊರನ್ನು ಪಾರುಮಾಡಿದವಳು ರುದ್ರಾಂಬಿಕೆ. ಆದರೆ ಎಲ್ಲರ ಕಣ್ಣು ತುಂಬುವವನು ಬೇಡನೇ. ನನ್ನ ತರಗತಿಯ ಮಕ್ಕಳು ಅವನ ಮೀಸೆ, ಗೆಜ್ಜೆ, ಹೆಜ್ಜೆಗಳನ್ನು ಚಾಚೂ ತಪ್ಪದೆ ಅನುಕರಿಸುತ್ತಾರೆ, ಅವಳ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ. ಒಬ್ಬ ಮಲ್ಲೇಶಿಯ ದುರ್ನಡತೆಯನ್ನು ಇಡೀ ಬೇಡ ಸಮುದಾಯದ ಗುಣವೆಂದು ಎಳೆಯರು ಗ್ರಹಿಸುವ ಅಪಾಯವೂ ಉಂಟು. ಅವಳು ಚಿತೆ ಏರಿದ್ದನ್ನು ಕೊಂಡಾಡದೆ, ಅವಳ ಧೈರ್ಯವನ್ನು ನೆನೆಯುವ ನಾಲ್ಕು ಮಾತುಗಳನ್ನು ಪ್ರತಿ ತಂಡವೂ ವೇಷ ಹೊರಡುವ ಮುನ್ನ ಜನರ ಎದುರು ಆಡಬಾರದೇಕೆ?

ಉತ್ತರ (ಶಿರಸಿಯವ)

ಶಿಕ್ಷಕಿಯವರ ಮಾತು ನ್ಯಾಯವಾದುದು. ಬಣ್ಣ ಮುಗಿದು ಗರಿ ಕಟ್ಟುವ ಹೊತ್ತಿಗೆ ಕೇರಿಯವರೆಲ್ಲ ಹೇಗೂ ಸೇರಿರುತ್ತಾರೆ, ತಮಟೆ ಇನ್ನೂ ಶುರುವಾಗಿರುವುದಿಲ್ಲ. ಕಥೆ ಹೇಳಲು ಅದೇ ಸರಿಯಾದ ಸಮಯ. ನಮ್ಮ ಕೇರಿಯ ತಂಡದವರು 2027ರ ಹೋಳಿಗೆ ತಾಲೀಮು ಆರಂಭಿಸುವಾಗ ಈ ಸಲಹೆಯನ್ನು ಅವರ ಮುಂದಿಡುತ್ತೇನೆ. ಕಥೆಯನ್ನು ಮಕ್ಕಳಿಗೆ ತಿಳಿಯುವಂತೆ ಬರೆದುಕೊಡಲು ತಾವು ಒಪ್ಪಿದರೆ ದೊಡ್ಡ ಉಪಕಾರವಾಗುತ್ತದೆ.