ತಾಲ್ಲೂಕು ಆಸ್ಪತ್ರೆಯಲ್ಲಿ ‘ಇಲ್ಲಿ ಆಗಲ್ಲ, ಜಿಲ್ಲೆಗೆ ಹೋಗಿ’ ಅಂದಾಗ ಹೊರಡೋ ಮೊದಲು ಏನು ಕೇಳಬೇಕು?

ಹೊಳೆಸಾಲು:
ನಮ್ಮ ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು, ಭಾನುವಾರವಂತೂ ಇಡೀ ದಿನ, ಎಂಥ ತುರ್ತು ಕೇಸ್ ಬಂದರೂ ಒಂದೇ ಉತ್ತರ. ಎದೆನೋವು, ಹಾವು ಕಡಿತ, ಬೈಕ್ ಅಪಘಾತ, ಎಲ್ಲಕ್ಕೂ ಒಂದು ಇಂಜೆಕ್ಷನ್, ಒಂದು ಚೀಟಿ, ‘ಜಿಲ್ಲಾಸ್ಪತ್ರೆಗೆ ಹೋಗಿ’. ಅದು ಒಂದೂವರೆ ಗಂಟೆ ದಾರಿ. ಖಾಸಗಿಗೆ ಹೋದರೆ ಮೊದಲು ಕೌಂಟರ್‌ನಲ್ಲಿ ದುಡ್ಡು ಕಟ್ಟಿ ಅಂತಾರೆ. ಅಲ್ಲಿ ಕೂಗಾಡಿ ಪ್ರಯೋಜನ ಇಲ್ಲ. ಕಳಿಸುವ ಮೊದಲು ಆಸ್ಪತ್ರೆಯವರು ಮಾಡಲೇಬೇಕಾದ್ದು ಏನು, ಅಡ್ವಾನ್ಸ್ ಕೇಳಿದರೆ ಏನು ಹೇಳಬೇಕು, ದೂರು ಯಾರಿಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಡ್ಯೂಟಿ ರೂಮ್:
ರೆಫರ್ ಮಾಡೋದೇ ತಪ್ಪಲ್ಲ ಸರ್. ಏನೂ ಮಾಡದೆ ರೆಫರ್ ಮಾಡೋದು ತಪ್ಪು.

ಎದೆನೋವು ಅಂತ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಡಾಕ್ಟರ್ ಕ್ವಾರ್ಟರ್ಸ್‌ನಿಂದ ಬರುವಷ್ಟರಲ್ಲಿ ನರ್ಸ್ ಅದನ್ನು ತೆಗೆದಿಡಬಹುದು, ಕಾಯೋ ಅಗತ್ಯವೇ ಇಲ್ಲ. ರಕ್ತನಾಳ ಪೂರ್ತಿ ಕಟ್ಟಿದ ಹೃದಯಾಘಾತ ಅಂತ ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇದು ತಾಲ್ಲೂಕು ಮಟ್ಟದಲ್ಲೇ ಉಚಿತ. ಇಸಿಜಿಯನ್ನು ಜಯದೇವದಂಥ ಹಬ್ ಆಸ್ಪತ್ರೆಗೆ ಕಳಿಸಿ ತಜ್ಞರ ಅಭಿಪ್ರಾಯ ಪಡೆಯುವ ವ್ಯವಸ್ಥೆಯೂ ಅದರಲ್ಲೇ ಇದೆ. ನೋವು ಶುರುವಾಗಿ 12 ಗಂಟೆವರೆಗೆ ಕೊಡಬಹುದು, ಆದರೆ ಮೊದಲ ಮೂರು ಗಂಟೆಯಲ್ಲಿ ಸಿಗೋ ಲಾಭ ಆಮೇಲೆ ಸಿಗಲ್ಲ. ಒಂದೂವರೆ ಗಂಟೆ ದಾರಿ ಅಂದರೆ ಅದರಲ್ಲಿ ಅರ್ಧ ಹೋಯಿತು. ಹಾಗಾಗಿ ಕೇಳಬೇಕಾದ್ದು ಇಷ್ಟು: ‘ಇಸಿಜಿ ಹಬ್‌ಗೆ ಕಳಿಸಿದ್ರಾ? ಟೆನೆಕ್ಟೆಪ್ಲೇಸ್ ಕೊಡ್ತೀರಾ? ಕೊಡಲ್ಲ ಅಂದ್ರೆ ಕಾರಣ ಚೀಟಿಯಲ್ಲಿ ಬರೀರಿ.’ ಇತ್ತೀಚೆಗೆ ಪಾರ್ಶ್ವವಾಯು ಅಥವಾ ದೊಡ್ಡ ಆಪರೇಷನ್ ಆಗಿದ್ದರೆ, ಎಲ್ಲಾದರೂ ರಕ್ತಸ್ರಾವ ಇದ್ದರೆ, ಬಿಪಿ ತೀರಾ ಏರಿದ್ದರೆ ಕೊಡಬಾರದು, ಅವು ಸರಿಯಾದ ಕಾರಣಗಳೇ. ‘ಯಾಕೆ ರಿಸ್ಕ್’ ಅನ್ನೋದು ಕಾರಣ ಅಲ್ಲ.

ಹಾವು ಕಡಿತದಲ್ಲಿ ಆಗೋ ಅನ್ಯಾಯ ಇನ್ನೂ ದೊಡ್ಡದು. ಮೊದಲು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಹೊಸ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ ನೆಟ್ಟಗೆ ನಿಲ್ಲಿಸಿ, 20 ನಿಮಿಷದ ಮೇಲೆ ಒಂದೇ ಸಲ ವಾಲಿಸಿ ನೋಡೋದು. ರಕ್ತ ಹರಿದರೆ ಕೊಳಕು ಮಂಡಲದಂಥ ಹಾವಿನ ವಿಷ ಏರಿದೆ ಅಂತ. ಪ್ಲಾಸ್ಟಿಕ್ ಟ್ಯೂಬ್ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ಬಳಸಿದರೆ ಫಲಿತಾಂಶವೇ ತಪ್ಪು ಬರುತ್ತೆ. ನಾಗರ, ಕಟ್ಟು ಹಾವಿಗೆ ಈ ಪರೀಕ್ಷೆ ನಂಬಬೇಡಿ. ರೆಪ್ಪೆ ಜೋತು ಬೀಳೋದು, ಎಂಜಲು ನುಂಗಲಾಗದಿರೋದು, ಮಾತು ತೊದಲೋದು ನೋಡಬೇಕು. ವಿಷದ ಲಕ್ಷಣ ಖಚಿತವಾದರೆ ಮೊದಲ ಡೋಸ್ 10 ವಯಲ್ ಪ್ರತಿವಿಷದ ಮದ್ದು, ಅಂದರೆ ಎಎಸ್‌ವಿ, ಡ್ರಿಪ್‌ನಲ್ಲಿ ಸುಮಾರು ಒಂದು ಗಂಟೆ. ಮಕ್ಕಳಿಗೂ ಅಷ್ಟೇ ವಯಲ್, ಯಾಕಂದ್ರೆ ಹಾವು ಮಗುವಿಗೆ ಅಂತ ಕಡಿಮೆ ವಿಷ ಬಿಡಲ್ಲ. ಎಷ್ಟೋ ಕಡೆ ಔಷಧಿ ಫ್ರಿಜ್‌ನಲ್ಲೇ ಇರುತ್ತೆ, ಅಲರ್ಜಿ ರಿಯಾಕ್ಷನ್ ಆದರೆ ಅನ್ನೋ ಭಯಕ್ಕೆ ಕೊಡದೆ ಕಳಿಸ್ತಾರೆ. ರಿಯಾಕ್ಷನ್‌ಗೆ ಮದ್ದು ಅಡ್ರಿನಲಿನ್, ದೊಡ್ಡವರಿಗೆ ತೊಡೆಗೆ 0.5 ಮಿಲಿಗ್ರಾಂ, ಅದು ಯಾವ ಕ್ಯಾಶುವಾಲ್ಟಿಯಲ್ಲೂ ಇರಲೇಬೇಕು. ವೆಂಟಿಲೇಟರ್ ಇಲ್ಲ ಅಂತ ಕಳಿಸೋದು ಸರಿ, ಆದರೆ ಮೊದಲ ಡೋಸ್ ಶುರು ಮಾಡಿ ಕಳಿಸಲಿ. ರೆಪ್ಪೆ ಜೋತಿದ್ದರೆ ದಾರಿಯಲ್ಲೇ ಉಸಿರು ನಿಲ್ಲಬಹುದು, ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತಲು ಬರುವವರು ಜೊತೆಗಿರಲೇಬೇಕು. ಕಾರಿನಲ್ಲಿ ಕಳಿಸಬೇಡಿ.

ಪಾರ್ಶ್ವವಾಯು ಮಾತ್ರ ಬೇರೆ ಲೆಕ್ಕ. ಸಿಟಿ ಸ್ಕ್ಯಾನ್ ಆಗದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಕ್ಕಾಗಲ್ಲ, ಲಕ್ಷಣ ಶುರುವಾಗಿ ಇರೋ ಅವಧಿ ನಾಲ್ಕೂವರೆ ಗಂಟೆ. ರೋಗಿ ಸರಿಯಾಗಿ ಉಸಿರಾಡುತ್ತಿದ್ದರೆ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ.

ಕಾನೂನು ಕಟ್ಟೆ:
ಅಡ್ವಾನ್ಸ್ ವಿಷಯಕ್ಕೆ ಬರ್ತೀನಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರಲ್ಲಿ ತಿದ್ದುಪಡಿ ಆಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿಲ್ಲ ಅಂತ ಚಿಕಿತ್ಸೆ ತಡ ಮಾಡುವಂತಿಲ್ಲ, ಬಾಕಿ ಬಿಲ್ಲಿಗೆ ಶವ ಹಿಡಿದಿಡುವಂತಿಲ್ಲ. ಕೌಂಟರ್‌ನ ಹುಡುಗನ ಹತ್ತಿರ ವಾದ ಬೇಡ, ಅವನ ಕೈಯಲ್ಲಿ ಏನೂ ಇಲ್ಲ. ಡ್ಯೂಟಿ ಡಾಕ್ಟರನ್ನು ಕೇಳಿ: ‘ದುಡ್ಡು ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸಿದ್ದೀರಿ ಅಂತ ಬರೆದುಕೊಡಿ.’ ಹಾಗೆ ಬರೆದುಕೊಡೋದಕ್ಕಿಂತ ಚಿಕಿತ್ಸೆ ಶುರು ಮಾಡೋದೇ ಸುಲಭ ಅಂತ ಅವರಿಗೂ ಗೊತ್ತು.

ಅಪಘಾತಕ್ಕೆ ‘ಎಂಎಲ್‌ಸಿ ಕೇಸ್ (ಪೊಲೀಸರಿಗೆ ತಿಳಿಸಬೇಕಾದ ಕೇಸ್), ಪೊಲೀಸರು ಬರಲಿ’ ಅನ್ನೋ ನೆಪವನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ತಳ್ಳಿಹಾಕಿದೆ. ಮೊದಲು ಜೀವ, ಪೊಲೀಸ್ ಕಾಗದ ಆಮೇಲೆ. ಕರೆತಂದ ದಾರಿಹೋಕರು ಹೆಸರು, ವಿಳಾಸ ಕೊಡಲೇಬೇಕು ಅಂತಿಲ್ಲ. 2025ರ ಕೇಂದ್ರ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ₹1.5 ಲಕ್ಷದಷ್ಟು ನಗದುರಹಿತ ಚಿಕಿತ್ಸೆ ಇದೆ, ಕೇಳಿ ಪಡೆಯಿರಿ.

ಸರ್ಕಾರಿ ಆಸ್ಪತ್ರೆಗೂ ವಿನಾಯಿತಿ ಇಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದವರೊಬ್ಬರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ ಅಂತ ವಾಪಸ್ ಕಳಿಸಿತ್ತು. ಸಕಾಲಕ್ಕೆ ಚಿಕಿತ್ಸೆ ಕೊಡದಿರೋದು ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರ ಕೊಡಿಸಿತು.

ಹೊಳೆಸಾಲು:
ತುಂಬಾ ಉಪಕಾರ ಆಯ್ತು. ಎಎಸ್‌ವಿ ಫ್ರಿಜ್‌ನಲ್ಲಿದ್ದೂ ಕೊಡಲ್ಲ ಅನ್ನೋದು ಗೊತ್ತಿರಲಿಲ್ಲ. ದೂರಿನ ಬಗ್ಗೆಯೂ ಯಾರಾದರೂ ಹೇಳಿ.

ಅರ್ಜಿ ಗುಮಾಸ್ತ:
ಖಾಸಗಿ ಆಸ್ಪತ್ರೆ ಮೇಲಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ. ಅದರ ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿ, ಅರ್ಜಿ ಅಲ್ಲೇ ಕೊಡಿ. ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗ. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾನೂನಿಗೆ ಬರಲ್ಲ ಅನ್ನೋದು ನೆನಪಿರಲಿ. ತಾಲ್ಲೂಕು ಆಸ್ಪತ್ರೆ ಬಗ್ಗೆಯಾದರೆ ಆಡಳಿತ ವೈದ್ಯಾಧಿಕಾರಿಗೆ ಅರ್ಜಿ, ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಜೊತೆಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡ್ಡು ಕೇಳಿದ್ದರೆ ಲೋಕಾಯುಕ್ತ.

ಸಾಮಾನ್ಯವಾಗಿ ಅರ್ಜಿ ಬಿದ್ದುಹೋಗೋದು ಸಮಯ ಬರೆಯದೆ. ‘ತುಂಬಾ ಹೊತ್ತು ಕಾಯಿಸಿದರು’ ಅಂದರೆ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ‘ಹೊರರೋಗಿ ಚೀಟಿ 9.10, ಡಾಕ್ಟರ್ ನೋಡಿದ್ದು 10.05, ಇಸಿಜಿ ಇಲ್ಲ’ ಅಂದರೆ ಉತ್ತರ ಕೊಡಲೇಬೇಕಾಗುತ್ತೆ. ಚೀಟಿ, ರೆಫರಲ್ ಕಾಗದ, ಇಸಿಜಿ ಎಲ್ಲದರ ಫೋಟೋ ಅಲ್ಲೇ ತೆಗೆದಿಡಿ. ಇಸಿಜಿ ಕಾಗದ ಬಿಸಿಲಿಗೆ, ಶಾಖಕ್ಕೆ ಅಳಿಸಿಹೋಗುತ್ತೆ. ಕೇಸ್ ಶೀಟ್ ಪ್ರತಿಯನ್ನು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಡತೆ ನಿಯಮಾವಳಿಯಲ್ಲಿದೆ. ಸಿಸಿಟಿವಿ ದೃಶ್ಯ ಕೆಲವೇ ವಾರದಲ್ಲಿ ಅಳಿದುಹೋಗಬಹುದು, ಕಾಯ್ದಿಡಿ ಅಂತ ಮರುದಿನವೇ ಅರ್ಜಿ ಹಾಕಿ ಸ್ವೀಕೃತಿ ಪಡೆಯಿರಿ.

ಸರ್ಕಾರಿ ಆಸ್ಪತ್ರೆಯಾದರೆ ಆಮೇಲೆ ಮಾಹಿತಿ ಹಕ್ಕಿನಲ್ಲಿ ಆ ದಿನದ ಕ್ಯಾಶುವಾಲ್ಟಿ ರಿಜಿಸ್ಟರ್, ವೈದ್ಯರ ಡ್ಯೂಟಿ ಪಟ್ಟಿ, ಎಎಸ್‌ವಿ ಮತ್ತು ಟೆನೆಕ್ಟೆಪ್ಲೇಸ್ ದಾಸ್ತಾನು ಪುಸ್ತಕದ ಪ್ರತಿ ಕೇಳಿ. ಔಷಧಿ ಇತ್ತೋ ಇಲ್ಲವೋ ಅನ್ನೋದು ದಾಸ್ತಾನು ಪುಸ್ತಕದಲ್ಲೇ ತೀರ್ಮಾನ ಆಗುತ್ತೆ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು, ಶುಲ್ಕ ₹10. ಹಾಗಾಗಿ ಡ್ಯೂಟಿ ಪಟ್ಟಿಗೆ ಒಂದು, ದಾಸ್ತಾನಿಗೆ ಇನ್ನೊಂದು ಅಂತ ಬೇರೆ ಬೇರೆ ಹಾಕಿ. ಎಲ್ಲ ಒಂದರಲ್ಲೇ ತುಂಬಿದರೆ ಅದನ್ನೇ ಕಾರಣ ಮಾಡಿ ವಾಪಸ್ ಕಳಿಸ್ತಾರೆ.